ಹೆದ್ದಾರಿಯ ಐತಿಹ್ಯ

ನಮ್ಮ ಶಾಸ್ತ್ರಕಾರರು ಪ್ರಮಾಣಗಳನ್ನು ಎಣಿಸುವಾಗ ಐತಿಹ್ಯವೆಂಬುದೊಂದನ್ನು ಹೇಳುತ್ತಾರೆ. ಮೊದಲು ನುಡಿದವನು ಯಾರೆಂದು ತಿಳಿಯದೆ ಬಾಯಿಂದ ಬಾಯಿಗೆ ನಡೆದುಬಂದ ಮಾತಿಗೆ ಈ ಹೆಸರು. ಅದಕ್ಕೆ ಅವರು ಕೊಡುವ ಉದಾಹರಣೆಯೂ ಸೊಗಸಾದುದು: ಈ ಆಲದ ಮರದಲ್ಲಿ ಯಕ್ಷನು ವಾಸಮಾಡುತ್ತಾನೆ ಎಂಬುದು. ಯಕ್ಷನನ್ನು ಕಂಡವರು ಒಬ್ಬರೂ ಇಲ್ಲ. ಆದರೂ ಸಂಜೆಗತ್ತಲಲ್ಲಿ ಆ ಮರದ ಕೆಳಗೆ ಹಾಯುವವನು ಹೆಜ್ಜೆಯನ್ನು ಬೇಗಬೇಗನೆ ಇಡುತ್ತಾನೆ. ಪೌರಾಣಿಕರು ಇದನ್ನೂ ಪ್ರಮಾಣಗಳ ಸಾಲಿನಲ್ಲಿ ಸೇರಿಸಿದರು. ನೈಯಾಯಿಕರು ಮಾತ್ರ, ಹೇಳಿದವನು ಆಪ್ತನಾದರೆ ಅದು ಶಬ್ದಪ್ರಮಾಣದಲ್ಲಿಯೇ ಅಡಗಿತು, ಅಲ್ಲವಾದರೆ ಪ್ರಮಾಣವೇ ಅಲ್ಲ ಎಂದು ಕತ್ತರಿಸಿಬಿಟ್ಟರು. ಪಾಠಶಾಲೆಯಲ್ಲಿ ಇದನ್ನು ಕಂಠಪಾಠ ಮಾಡಿದ ಕಾಲದಲ್ಲಿ, ನನ್ನ ಅರುವತ್ತು ದಾಟಿದ ವಯಸ್ಸಿನಲ್ಲಿ ಮೋಟಾರು ವಾಹನಗಳ ವಿಷಯದಲ್ಲಿ ಇದರ ಉಪಯೋಗವಾದೀತೆಂದು ಯಾರು ಎಣಿಸಿದ್ದರು?

ನಾನು ವಾಸವಾಗಿರುವ ಹಾರೋಹಳ್ಳಿಯಲ್ಲಿ ಈಗ ಯಕ್ಷನು ಮರವನ್ನು ಬಿಟ್ಟು ಕಬ್ಬಿಣದ ಕಂಬವನ್ನು ಏರಿದ್ದಾನೆ. ನಮ್ಮ ಊರು ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ರಸ್ತೆಯ ಮೇಲಿದೆ. ರಾಗಿ ಹಿಪ್ಪುನೇರಳೆಗಳ ಈ ಸೀಮೆಯಲ್ಲಿ ಕೈಗಾರಿಕಾ ಪ್ರದೇಶವು ಹಂತಹಂತವಾಗಿ ಬೆಳೆದ ಮೇಲೆ, ಬೆಳಗಾಗುವುದಕ್ಕೆ ಮುಂಚೆಯೇ ಲಾರಿಗಳೂ ವ್ಯಾನುಗಳೂ ಕೆಲಸಗಾರರ ಬಸ್ಸುಗಳೂ ಸಾಲುಗಟ್ಟುತ್ತವೆ. ಅವುಗಳಲ್ಲಿ ಕೆಲವು ಭೈರಮಂಗಲದ ಮಾರ್ಗವಾಗಿ ಬಿಡದಿಯನ್ನು ಸೇರಿ, ಅಲ್ಲಿಂದ ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಹಿಡಿಯತಕ್ಕವು. ನಾನು ಪ್ರಾತಃಕಾಲದಲ್ಲಿ ತಿರುಗಾಡಿ ಬರುವಾಗ ಕಾರ್ಖಾನೆಗಳ ಬಳಿಯ ಟೀ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳುವುದುಂಟು. ಅಲ್ಲಿ ನಿಂತಿರುವ ಚಾಲಕರಲ್ಲಿ ನಾಲ್ಕಾರು ಮಂದಿಯಾದರೂ ನನ್ನ ಕೈಯಲ್ಲಿ ಮಗ್ಗಿ ಕಲಿತವರು. ಅವರ ಮಾತಿನಲ್ಲಿ ಮಳೆ ಬೆಳೆ ಮದುವೆಗಳಿಗಿಂತಲೂ ಹೆಚ್ಚಾಗಿ ಬರತಕ್ಕದ್ದು ಆ ಹೆದ್ದಾರಿಯ ಕ್ಯಾಮರಾಗಳ ಸಂಗತಿ.

ಆ ಹೆದ್ದಾರಿಯ ವಿಚಾರ ವಾಚಕರಿಗೆ ತಿಳಿದದ್ದೇ. ಸುಮಾರು 119 ಕಿಲೋಮೀಟರು ಉದ್ದದ ಈ ದಾರಿಯ ಉದ್ಘಾಟನೆ 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ನಡೆಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳೆಲ್ಲ ಪಕ್ಕಕ್ಕೆ ಸರಿದು, ಮೂರು ಗಂಟೆಯ ದಾರಿ ಒಂದೂವರೆ ಗಂಟೆಯ ದಾರಿಯಾಯಿತೆಂದು ಜನ ಹಿಗ್ಗಿದರು. ಹಿಗ್ಗಿನ ಜೊತೆಯಲ್ಲಿಯೇ ಸಾವುಗಳೂ ಬಂದುವು. ಆ ವರ್ಷದ ಬೇಸಗೆಯಲ್ಲಿ ದಿನಪತ್ರಿಕೆಯ ಜಿಲ್ಲಾ ಪುಟವನ್ನು ತೆರೆಯುವುದಕ್ಕೆ ಕೈ ಹಿಂಜರಿಯುತ್ತಿತ್ತು. ಆಮೇಲೆ ಪೊಲೀಸರು ಬಿಗಿಮಾಡಿದರು. ಕಾರುಗಳಿಗೆ ಗಂಟೆಗೆ 100 ಕಿಲೋಮೀಟರಿನ ಮಿತಿ ಎಂದರು. ಆಗಸ್ಟ್ 1ರಿಂದ ದ್ವಿಚಕ್ರಗಳನ್ನೂ ಆಟೋಗಳನ್ನೂ ಟ್ರಾಕ್ಟರುಗಳನ್ನೂ ಮುಖ್ಯ ಪಥದಿಂದ ಕೆಳಗಿಳಿಸಿದರು. ತರುವಾಯ ಕಂಬಗಳ ಮೇಲೆ ಫಲಕ ಓದುವ ಕ್ಯಾಮರಾಗಳು ಕಣ್ಣು ತೆರೆದುವು. 2024ರಲ್ಲಿ ಸಾವುಗಳು ಬಹುವಾಗಿ ಇಳಿದುವು. ಇದಿಷ್ಟೂ ಪ್ರತ್ಯಕ್ಷ.

ಐತಿಹ್ಯವು ಇಲ್ಲಿಂದ ಮುಂದೆ. ಟೀ ಅಂಗಡಿಯ ಯಕ್ಷನು ಕ್ಯಾಮರಾದ ಮುಂದೆ ಮಾತ್ರವಲ್ಲದೆ ಎರಡು ಕ್ಯಾಮರಾಗಳ ನಡುವೆಯೂ ನೋಡುತ್ತಾನಂತೆ. ಒಂದು ಟೋಲಿನಿಂದ ಇನ್ನೊಂದು ಟೋಲನ್ನು ಇಂತಿಷ್ಟು ನಿಮಿಷಕ್ಕೆ ಮೊದಲು ಮುಟ್ಟಿದರೆ ಫಾಸ್ಟ್ಯಾಗಿನ ಖಾತೆಯಿಂದಲೇ ದಂಡವನ್ನು ಕಿತ್ತುಕೊಳ್ಳುತ್ತಾನಂತೆ. ಆದರೆ ಅವನಿಗೂ ಮಂತ್ರ ತಂತ್ರಗಳಿವೆಯಂತೆ: ಕ್ಯಾಮರಾದ ಕೆಳಗೆ ಬರುವಾಗ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹಾರಿಕೊಂಡರೆ ಲೆಕ್ಕ ತಪ್ಪುತ್ತದಂತೆ, ರಾತ್ರಿ ಅವನಿಗೆ ಕಣ್ಣು ಕಾಣದಂತೆ, ಹಿಂದಿನ ಗಾಜಿಗೆ ಹಾಡಿನ ಹಳೆಯ ತಟ್ಟೆಯೊಂದನ್ನು ನೇತುಹಾಕಿದರೆ ಅದರ ಹೊಳಪಿಗೆ ಚಿತ್ರ ಕೆಡುತ್ತದಂತೆ. ಲಾರಿಯ ಮುಂದಕ್ಕೆ ನಿಂಬೆಹಣ್ಣು ಮೆಣಸಿನಕಾಯಿ, ಹಿಂದಕ್ಕೆ ಹಾಡಿನ ತಟ್ಟೆ! ಎರಡು ಕಡೆಯಿಂದಲೂ ರಕ್ಷೆಯಾಯಿತಷ್ಟೆ.

ಎರಡು ಕಂಬಗಳ ನಡುವಿನ ಈ ನೋಟವೆಂದರೇನೆಂಬುದನ್ನು ಮೊದಲು ಹೇಳುತ್ತೇನೆ. ಅದನ್ನು ತಿಳಿಯದೆ ಮಿಕ್ಕದ್ದರ ನಿಜ ಸುಳ್ಳು ತಿಳಿಯದು.

ಮೀಮಾಂಸಕರ ದೇವದತ್ತನನ್ನು ಕೇಳದವರಿಲ್ಲ. ಅವನು ದಪ್ಪಗಿದ್ದಾನೆ, ಹಗಲಲ್ಲಿ ಊಟಮಾಡುವುದನ್ನು ಯಾರೂ ಕಂಡಿಲ್ಲ. ಆದಕಾರಣ ರಾತ್ರಿ ಊಟಮಾಡುತ್ತಾನೆಂದು ಕಲ್ಪಿಸಲೇಬೇಕಾಗುತ್ತದೆ. ಇದು ಅರ್ಥಾಪತ್ತಿ. ಈ ದೇವದತ್ತನನ್ನೇ ಒಂದು ಕಾರಿನಲ್ಲಿ ಕೂಡಿಸೋಣ. ಮೊದಲನೆಯ ಕಂಬದ ಕೆಳಗೆ ಸಾವಧಾನವಾಗಿ ಹೋದನು. ಅರುವತ್ತು ಕಿಲೋಮೀಟರು ಆಚೆಯ ಎರಡನೆಯ ಕಂಬದ ಕೆಳಗೂ ಸಾಧುವಿನಂತೆ ಬಂದನು. ಗಂಟೆಗೆ 100ರ ಮಿತಿಯಲ್ಲಿ ಈ ದೂರಕ್ಕೆ 36 ನಿಮಿಷ ಬೇಕು. ಅವನಾದರೋ 30 ನಿಮಿಷದಲ್ಲಿ ಬಂದಿದ್ದಾನೆ. ನಡುವೆ ಅವನನ್ನು ಕಂಡವರಿಲ್ಲ. ಆದರೂ ಸರಾಸರಿ 120 ಎಂದ ಮೇಲೆ ಎಲ್ಲಿಯೋ ಒಂದು ಕಡೆ ಮಿತಿಯನ್ನು ಮೀರಿಯೇ ಇದ್ದಾನೆ. ಕಂಬದ ಕೆಳಗಿನ ವೇಗ ಪ್ರತ್ಯಕ್ಷ. ಕಂಬಗಳ ನಡುವಿನದು ಅರ್ಥಾಪತ್ತಿ. ಫಲಕವನ್ನು ಓದುವ ಎರಡು ಕಣ್ಣು, ಒಂದಕ್ಕೊಂದು ಹೊಂದಿಸಿದ ಎರಡು ಗಡಿಯಾರ, ಮೊದಲೇ ಅಳೆದಿಟ್ಟ ದಾರಿ, ಒಂದು ಭಾಗಾಕಾರ. ಯಂತ್ರದ ಒಳಗುಟ್ಟೆಲ್ಲ ಇಷ್ಟೆ.

ಇದು ಹೊಸ ವಿದ್ಯೆಯೂ ಅಲ್ಲ. ಇಂಗ್ಲೆಂಡಿನಲ್ಲಿ 1903ರ ಕಾನೂನು ಗಂಟೆಗೆ 20 ಮೈಲಿನ ಮಿತಿಯನ್ನು ಹಾಕಿದ ಮೇಲೆ ಪೊಲೀಸರು ದಾರಿಯ ಒಂದು ತುಂಡನ್ನು ಅಳೆದು, ಎರಡು ಕೊನೆಗಳಲ್ಲಿ ಬೇಲಿಯ ಮರೆಯಲ್ಲಿ ಕುಳಿತು ಗಡಿಯಾರ ಹಿಡಿದು ಮೋಟಾರುಗಳ ವೇಗವನ್ನು ಗುಣಿಸುತ್ತಿದ್ದರು. ಮುಂದೆ ಪೊಲೀಸರಿದ್ದಾರೆಂದು ಎಚ್ಚರಿಸುವುದಕ್ಕಾಗಿಯೇ 1905ರಲ್ಲಿ ಮೋಟಾರಿನವರ ಸಂಘವೊಂದು ಹುಟ್ಟಿತು. ಎದುರಿನಿಂದ ಬರುವ ನಮ್ಮ ಲಾರಿಯವನು ದೀಪ ಮಿಣುಕಿಸುವುದು ಅದೇ ಸಂಘದ ಧರ್ಮ. ಮುಂದೆ ವೇಗದ ಕ್ಯಾಮರಾಕ್ಕೆ ತನ್ನ ಹೆಸರನ್ನು ಕೊಟ್ಟ ಗಾಟ್ಸೊನಿಡಿಸ್ ಎಂಬ ಡಚ್ಚರವನು 1953ರ ಮಾಂಟೆಕಾರ್ಲೊ ಪಂದ್ಯವನ್ನು ಗೆದ್ದ ಓಟಗಾರ. ತಿರುವಿನಲ್ಲಿ ತಾನು ಇನ್ನೂ ಬೇಗ ಹೋಗುವುದು ಹೇಗೆಂದು ಅಳೆದುಕೊಳ್ಳುವುದಕ್ಕೆ ರಸ್ತೆಯ ಮೇಲೆ ಎರಡು ರಬ್ಬರು ಪಟ್ಟಿ ಹಾಸಿದವನು. ಅದೂ ಸರಾಸರಿಯೇ, ದೂರ ಗಿಡ್ಡದ್ದು, ಅಷ್ಟೆ. ವೇಗವನ್ನು ಹೆಚ್ಚಿಸಲು ಹುಟ್ಟಿದ ಉಪಾಯವು ವೇಗವನ್ನು ತಗ್ಗಿಸಲು ಸಂದಿತು, ವಿಧಿಯ ವಿನೋದ.

ದೂರವು ಉದ್ದವಾದಷ್ಟೂ ನ್ಯಾಯವು ಹೆಚ್ಚು ಎಂಬುದನ್ನು ಚಾಲಕರು ಯಾರೂ ಯೋಚಿಸಿದಂತೆ ತೋರುವುದಿಲ್ಲ. ನೂರು ಮೀಟರಿನ ತುಂಡಿನಲ್ಲಿ ವಾಹನವನ್ನು ಅಳೆದರೆ 100ರ ವೇಗದಲ್ಲಿ ಅದಕ್ಕೆ ಹಿಡಿಯುವುದು 3.6 ಸೆಕೆಂಡು. ಗಡಿಯಾರದವನ ಬೆರಳು ಅರ್ಧ ಸೆಕೆಂಡು ತಡವರಿಸಿದರೆ ನೂರಕ್ಕೆ ಹದಿನಾಲ್ಕರಷ್ಟು ತಪ್ಪು, ನಿರಪರಾಧಿಯು ಅಪರಾಧಿಯಾಗುತ್ತಾನೆ. ಅದೇ ಅರ್ಧ ಸೆಕೆಂಡು 36 ನಿಮಿಷದಲ್ಲಿ ಸಾವಿರಕ್ಕೆ ಕಾಲು ಪಾಲೂ ಆಗದು. ಒಂದು ಗಳಿಗೆಯ ಎಡವಟ್ಟಿಗೆ, ಬಸ್ಸೊಂದನ್ನು ದಾಟುವಾಗ ಕಾಲು ಕೊಂಚ ಹೆಚ್ಚು ಒತ್ತಿದ್ದಕ್ಕೆ, ಸರಾಸರಿಯು ಯಾರನ್ನೂ ಹಿಡಿಯುವುದಿಲ್ಲ. ಬಹುಕಾಲ ಮೀರಿದವನನ್ನು ಮಾತ್ರ ಹಿಡಿಯುತ್ತದೆ. ಬ್ರಿಟನ್ನಿನಲ್ಲಿ ಇಂಥ ಕ್ಯಾಮರಾಗಳನ್ನಿಟ್ಟ ದಾರಿಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ವರದಿಯೊಂದು, ಪ್ರಾಣಹಾನಿಯೂ ಭಾರಿ ಗಾಯವೂ ಆಗುವ ಅಪಘಾತಗಳು ನೂರಕ್ಕೆ ಸುಮಾರು 36ರಷ್ಟು ಇಳಿದುವೆಂದು ಹೇಳುತ್ತದೆ. ನಮ್ಮ ದೇಶದಲ್ಲಿ ಮುಂಬಯಿ–ಪುಣೆ ಹೆದ್ದಾರಿಯಲ್ಲಿ 2024ರ ಜುಲೈಯಿಂದ ಸರಾಸರಿ ವೇಗವನ್ನು ಹಿಡಿಯುವ ಕ್ಯಾಮರಾಗಳೂ ಕೆಲಸಮಾಡುತ್ತಿವೆ. ಟೀ ಅಂಗಡಿಯ ಮಾತು ಬರಿಯ ಗಾಳಿಯಲ್ಲ. ಗಾಳಿಗೆ ಬೀಜವೂ ಇದೆ.

ಈಗ ಮಂತ್ರ ತಂತ್ರಗಳ ಮಾತು. ಸಾಲು ಬದಲಾಯಿಸಿದರೆ ಪಾರಾಗಬಹುದೆಂಬುದು ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದ ಐತಿಹ್ಯ. ಅಲ್ಲಿನ ಮೊದಮೊದಲ ಯಂತ್ರಗಳಲ್ಲಿ ಒಂದೊಂದು ಜೋಡಿ ಕ್ಯಾಮರಾ ಒಂದೊಂದು ಸಾಲನ್ನು ಮಾತ್ರ ನೋಡುತ್ತಿದ್ದುದರಿಂದ ಆ ಮಾತಿಗೆ ಒಂದು ಕಾಲದಲ್ಲಿ ಹುರುಳಿತ್ತು. ಈಚಿನವು ಎಲ್ಲ ಸಾಲುಗಳನ್ನೂ ಕೂಡಿಸಿ ನೋಡುತ್ತವೆ. ಮಾತು ಮಾತ್ರ ಉಳಿದಿದೆ, ಯಕ್ಷನು ಬಿಟ್ಟುಹೋದ ಮರದಂತೆ. ರಾತ್ರಿ ಕಾಣದೆಂಬುದು ಸುಳ್ಳು; ಮನುಷ್ಯನ ಕಣ್ಣಿಗೆ ಬೀಳದ ಬೆಳಕನ್ನು ಆ ಯಂತ್ರಗಳು ಬೀರುತ್ತವೆ, ಹೊಸ ಸಂಖ್ಯಾಫಲಕಗಳು ಅದನ್ನು ಹಿಂದಕ್ಕೆ ಹೊಳೆಯಿಸುತ್ತವೆ. ಹಾಡಿನ ತಟ್ಟೆಗೆ ಹಾಡುವುದೊಂದೇ ಕೆಲಸ. ಫಲಕಕ್ಕೆ ಕೆಸರು ಮೆತ್ತುವುದಂತೂ ಬೇರೆಯೇ ಒಂದು ಅಪರಾಧ. ಫಾಸ್ಟ್ಯಾಗ್ ಎಂಬುದು ಟೋಲು ಕಟ್ಟುವ ಚೀಟಿ. ಅದು ವೇಗವನ್ನು ಅಳೆಯಲಾರದು. ಯಂತ್ರದ ಮೂಲಕ ದಂಡ ಹಾಕುವ ಕ್ರಮವನ್ನು 2021ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು ಮೋಟಾರು ವಾಹನಗಳ ನಿಯಮಗಳಿಗೆ 167ಎ ಎಂಬ ನಿಯಮವಾಗಿ ಸೇರಿಸಿದೆ. ಅದರಂತೆ ಯಂತ್ರಕ್ಕೆ ವರ್ಷವರ್ಷವೂ ಪ್ರಮಾಣಪತ್ರವಿರಬೇಕು. ಕಾವಲಿರುವ ದಾರಿಗೆ ಮೊದಲೇ ಎಚ್ಚರಿಕೆಯ ಹಲಗೆಯಿರಬೇಕು. ಚಿತ್ರ, ಅಳತೆ, ದಿನ, ಹೊತ್ತು, ಸ್ಥಳಗಳನ್ನು ಕಾಣಿಸಿದ ನೋಟೀಸು ಹದಿನೈದು ದಿನಗಳೊಳಗೆ ಹೊರಡಬೇಕು. ಸದ್ದಿಲ್ಲದೆ ಖಾತೆಯಿಂದ ಕಿತ್ತುಕೊಳ್ಳುವುದು ಆ ನಿಯಮದಲ್ಲಿಲ್ಲ.

ಸೋಜಿಗವೇನೆಂದರೆ, ನಿಜವಾದ ಸಂಗತಿಯೊಂದನ್ನು ಅಂಗಡಿಯವರು ಗಾಳಿಮಾತೆಂದು ನಕ್ಕು ತಳ್ಳಿಬಿಟ್ಟಿದ್ದರು. ಗಂಟೆಗೆ 130ನ್ನು ಮೀರಿದರೆ ದಂಡದಿಂದ ಮುಗಿಯದು, ಅಪಾಯಕಾರಿ ಚಾಲನೆಯೆಂದು ಮೊಕದ್ದಮೆಯನ್ನೇ ಹೂಡುತ್ತೇವೆಂದು 2024ರ ಆಗಸ್ಟ್ 1ರಿಂದ ಅನ್ವಯಿಸುವಂತೆ ರಾಜ್ಯದ ಪೊಲೀಸರು ಪ್ರಕಟಿಸಿದ್ದುಂಟು. ಯಕ್ಷನನ್ನು ನಂಬುವವರು ಪೊಲೀಸರನ್ನು ನಂಬುವುದಿಲ್ಲ.

ಇವೆಲ್ಲಕ್ಕಿಂತಲೂ ನನ್ನ ಮನಸ್ಸನ್ನು ಕಲಕಿದ ತಂತ್ರ ಇನ್ನೊಂದು. ಬೇಕಾದಷ್ಟು ಬೇಗ ಹೋಗಿ, ಎರಡನೆಯ ಕಂಬಕ್ಕೆ ಮೊದಲು ದಾರಿಯಂಚಿನಲ್ಲಿ ನಿಲ್ಲಿಸಿ, ನಿಮಿಷ ಕಳೆದು ಮುಂದೆ ಹೊರಡುವುದು. ಇದನ್ನು ಲೀಲಾವತಿಯ ಲೆಕ್ಕದಂತೆ ನೋಡೋಣ. ಅರುವತ್ತು ಕಿಲೋಮೀಟರನ್ನು 150ರ ವೇಗದಲ್ಲಿ ಓಡಿಸಿದವನಿಗೆ 24 ನಿಮಿಷ ಸಾಕು. ದಂಡ ತಪ್ಪಬೇಕಾದರೆ ಅವನು 12 ನಿಮಿಷ ನಿಲ್ಲಬೇಕು. 100ರಲ್ಲಿ ಬಂದವನೂ ಅವನೂ ಎರಡನೆಯ ಕಂಬವನ್ನು ಮುಟ್ಟುವುದು ಅದೇ 36ನೆಯ ನಿಮಿಷದಲ್ಲಿ. ವೇಗ ಒಂದೂವರೆಯಷ್ಟಾದರೆ ಡಿಕ್ಕಿಯ ಬಲವು ಎರಡೂಕಾಲರಷ್ಟಾಗುತ್ತದೆ. ಅಷ್ಟು ಬಲವನ್ನು ಬೆನ್ನಿಗೆ ಕಟ್ಟಿಕೊಂಡು ಓಡಿದವನಿಗೆ ಲಾಭವಾದದ್ದು ಹನ್ನೆರಡು ನಿಮಿಷದ ನಿಲುಗಡೆ, ಅದೂ ಲಾರಿಗಳು ಭೋರ್ಗರೆಯುವ ದಾರಿಯ ಅಂಚಿನಲ್ಲಿ. ನಿಂತ ವಾಹನಕ್ಕೆ ಹಿಂದಿನಿಂದ ಬಂದು ಬಡಿಯುವ ಅಪಘಾತವು ಇಂಥ ಹೆದ್ದಾರಿಗಳಲ್ಲಿ ಅಪರೂಪವಲ್ಲ. ಮತ್ತೊಬ್ಬ ಜಾಣನು, ಅರ್ಧ ದಾರಿ 150, ಮಿಕ್ಕರ್ಧ 50, ಕೂಡಿಸಿ ಎರಡರಿಂದ ಭಾಗಿಸಿದರೆ ನೂರು, ಎಂದು ನನ್ನೆದುರಿಗೇ ಗುಣಿಸಿದನು. ಮೊದಲ ಮೂವತ್ತು ಕಿಲೋಮೀಟರಿಗೆ 12 ನಿಮಿಷ, ಮಿಕ್ಕ ಮೂವತ್ತಕ್ಕೆ 36. ಒಟ್ಟು 48 ನಿಮಿಷ. ಸರಾಸರಿ 75 ಮಾತ್ರ. ವೇಗಗಳನ್ನು ಕೂಡಿಸಬಾರದು, ಕಾಲಗಳನ್ನು ಕೂಡಿಸಬೇಕು. ಐದನೆಯ ತರಗತಿಯಲ್ಲಿ ಇದನ್ನು ಹೇಳಿಕೊಟ್ಟಿದ್ದೆನಲ್ಲಪ್ಪಾ ಎಂದರೆ, ‘ಆವಾಗ ಗಾಡಿ ಇರಲಿಲ್ಲ ಮೇಷ್ಟ್ರೇ’ ಎಂದನು. ಉತ್ತರವು ಸಮಂಜಸವಾಗಿಯೇ ಇತ್ತು.

ಆದರೆ ಇಷ್ಟೊಂದು ಮಂತ್ರಗಳು ಏತಕ್ಕೆ? ಬೇಗ ಹೋಗುವುದರಲ್ಲಿ ಸುಖವುಳ್ಳವರು ಬೆಂಗಳೂರಿನ ಕಾರುಗಳಲ್ಲಿ ಇರಬಹುದು. ಈ ಹುಡುಗರು ಹಾಗಲ್ಲ. ಇವರ ಪೈಕಿ ಒಬ್ಬನು, ಓದಿನಲ್ಲಿ ಸಾಧಾರಣನಾದರೂ ಬರವಣಿಗೆ ಮುತ್ತಿನಂತಿದ್ದ ಹುಡುಗ, ಕಾರ್ಖಾನೆಯೊಂದರ ಬಿಡಿಭಾಗಗಳನ್ನು ಸಣ್ಣ ಸರಕು ವಾಹನದಲ್ಲಿ ಮೈಸೂರಿಗೆ ಮುಟ್ಟಿಸುವ ಕೆಲಸದಲ್ಲಿದ್ದಾನೆ. ಒಂದು ಬೆಳಿಗ್ಗೆ ಮನೆಗೆ ಬಂದು, ಮೊಬೈಲಿನಲ್ಲಿ ಬಂದ ನೋಟೀಸನ್ನು ತೋರಿಸಿದನು. ಒಂದು ಸಾವಿರ ರೂಪಾಯಿ. ತಿಂಗಳಲ್ಲಿ ಎರಡನೆಯದಂತೆ. ಮಾಲೀಕರು ಇದನ್ನು ಅವನ ಸಂಬಳದಲ್ಲಿ ಹಿಡಿಯುತ್ತಾರೆ. ‘ಇದು ಸುಳ್ಳಲ್ಲವೇ ಮೇಷ್ಟ್ರೇ? ಟೋಲಿನ ಲೆಕ್ಕ ಅಂತ ಎಲ್ಲರೂ ಹೇಳುತ್ತಾರೆ’ ಎಂದನು. ಸುಳ್ಳಾಗಿರಲಿಲ್ಲ. ಚಿತ್ರವಿತ್ತು, ಹೊತ್ತಿತ್ತು, ಸ್ಥಳವಿತ್ತು. ಸರಕು ವಾಹನಕ್ಕೆ ಮಿತಿ 80, ಅವನದು 104.

‘ಅಷ್ಟು ಬೇಗ ಏಕೆ ಹೋದೆಯಪ್ಪಾ?’ ಎಂದು ಕೇಳಿದೆ. ಅವನು ಉತ್ತರ ಕೊಡದೆ ಜೇಬಿನಿಂದ ಮಡಿಸಿದ ಚೀಟಿಯನ್ನು ತೆಗೆದನು. ಅದು ಮಾಲೀಕರ ಕಚೇರಿಯು ದಿನದಿನವೂ ಕೊಡುವ ಟ್ರಿಪ್ ಶೀಟು. ಹಾರೋಹಳ್ಳಿ ಬಿಡುವುದು 6 ಗಂಟೆ. ಮೈಸೂರಿನಲ್ಲಿ ಸರಕು ಇಳಿಯುವುದು 8 ಗಂಟೆ. ತಡವಾದರೆ ಆ ದಿನದ ಭತ್ಯೆ ಇಲ್ಲ. ನಾನು ಕನ್ನಡಕ ಹಾಕಿಕೊಂಡು ಲೆಕ್ಕ ಮಾಡಿದೆ. ಇಲ್ಲಿಂದ ಬಿಡದಿಗೆ, ಊರೂರುಗಳ ನಡುವೆ, ಕೆಲಸಗಾರರ ಬಸ್ಸುಗಳ ಬೆನ್ನ ಹಿಂದೆ, 40 ನಿಮಿಷ. ಬಿಡದಿಯಿಂದ ಮೈಸೂರಿನ ಅಂಚಿಗೆ ಸುಮಾರು 100 ಕಿಲೋಮೀಟರು. 80ರ ಮಿತಿಯಲ್ಲಿ 75 ನಿಮಿಷ. ಅಲ್ಲಿಂದ ಸರಕಿಳಿಸುವ ಜಾಗಕ್ಕೆ 20. ಒಟ್ಟು 135 ನಿಮಿಷ. ಚೀಟಿಯು ಕೊಟ್ಟಿರುವುದು 120. ಹಳ್ಳಿಯ ದಾರಿಯಲ್ಲಿಯೂ ನಗರದಲ್ಲಿಯೂ ನಿಮಿಷಗಳನ್ನು ಉಳಿಸುವುದು ಯಾರಿಂದಲೂ ಸಾಧ್ಯವಿಲ್ಲ. ಹೆದ್ದಾರಿಗೆ ಉಳಿಯುವುದು 60 ನಿಮಿಷ. ಅಂದರೆ ಸರಾಸರಿ 100. ಗಾಡಿಯ ಚಕ್ರ ಉರುಳುವುದಕ್ಕೆ ಮುಂಚೆಯೇ, ಯಾವ ಕ್ಯಾಮರಾವೂ ನೋಡುವುದಕ್ಕೆ ಮುಂಚೆಯೇ, ಅಪರಾಧವು ಆ ಚೀಟಿಯಲ್ಲಿ ಮಸಿಯಿಂದ ಬರೆದಿಟ್ಟಿತ್ತು.

ದೇವದತ್ತನು ಹಗಲಲ್ಲಿ ಉಣ್ಣದೆ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆಂಬುದು ಸರಿ. ಉಣ್ಣಿಸುವವರು ಯಾರೆಂದು ಶಾಸ್ತ್ರದಲ್ಲಿ ಯಾರೂ ಕೇಳಿದಂತಿಲ್ಲ. ನಮ್ಮ ಕಾನೂನು ಕೇಳಿದೆ. 1988ರ ಮೋಟಾರು ವಾಹನಗಳ ಕಾಯಿದೆಯ 183ನೆಯ ಪ್ರಕರಣವು ಮಿತಿಮೀರಿ ನಡೆಸಿದವನಿಗೆ ಮಾತ್ರವಲ್ಲ, ತನ್ನ ಕೈಕೆಳಗಿನವನಿಂದ ಹಾಗೆ ನಡೆಸಿಸಿದವನಿಗೂ ದಂಡವನ್ನು ವಿಧಿಸುತ್ತದೆ. ಅದರ ನಾಲ್ಕನೆಯ ಉಪಪ್ರಕರಣದ ತಾತ್ಪರ್ಯವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ: ಒಂದು ಪ್ರಯಾಣವನ್ನು ಇಂತಿಷ್ಟು ಕಾಲದಲ್ಲಿ ಮುಗಿಸಬೇಕೆಂದು ವೇಳಾಪಟ್ಟಿಯನ್ನು ಪ್ರಕಟಿಸಿದ್ದರೆ ಅಥವಾ ಅಪ್ಪಣೆ ಕೊಟ್ಟಿದ್ದರೆ, ವೇಗದ ಮಿತಿಯನ್ನು ಮೀರದೆ ಅಷ್ಟು ಕಾಲದಲ್ಲಿ ಮುಗಿಸುವುದು ಸಾಧ್ಯವಲ್ಲವೆಂದು ನ್ಯಾಯಾಲಯಕ್ಕೆ ತೋರಿದಲ್ಲಿ, ಆ ಪಟ್ಟಿಯೇ, ಆ ಅಪ್ಪಣೆಯೇ, ಕೊಟ್ಟವನ ಅಪರಾಧಕ್ಕೆ ಮೇಲ್ನೋಟದ ಸಾಕ್ಷ್ಯ. ಮೀಮಾಂಸಕರು ಇದಕ್ಕಿಂತ ಚೆನ್ನಾಗಿ ಬರೆಯಲಾರರು. ಇದೂ ಸರಾಸರಿಯ ಲೆಕ್ಕವೇ. ಕ್ಯಾಮರಾ ಬೇಡ, ಕಂಬ ಬೇಡ, ಒಂದು ಚೀಟಿ ಸಾಕು.

ಹಾಡಿನ ತಟ್ಟೆಯ ವಿಚಾರ ಹಾರೋಹಳ್ಳಿಯಿಂದ ಮೈಸೂರಿನವರೆಗೆ ಎಲ್ಲ ಚಾಲಕರಿಗೂ ಗೊತ್ತು. ಈ ಉಪಪ್ರಕರಣದ ವಿಚಾರ ಆ ಅಂಗಡಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಇದನ್ನು ಯಾರೂ ಯಾರಿಗೂ ಮೊಬೈಲಿನಲ್ಲಿ ಕಳುಹಿಸಿರಲಿಲ್ಲ. ದಂಡದ ಹಲಗೆಗಳನ್ನು ದಾರಿಯುದ್ದಕ್ಕೂ ದೊಡ್ಡ ಅಕ್ಷರದಲ್ಲಿ ನೆಡುವ ನಾವು, ಕಾರ್ಖಾನೆಯ ಬಾಗಿಲಲ್ಲಿ ಇಂಥದೊಂದನ್ನು ಏಕೆ ನೆಡಬಾರದೋ ನನಗೆ ತಿಳಿಯದು. ನಾನು ಹುಡುಗನಿಗೆ ಕ್ಯಾಮರಾದ ದಂಡವನ್ನು ಕಟ್ಟಲೇಬೇಕೆಂದು ಹೇಳಿದೆ; ಏಕೆಂದರೆ 104ರಲ್ಲಿ ಹೋದದ್ದು ಅವನೇ. ಆಮೇಲೆ ಒಂದು ಹಾಳೆಯಲ್ಲಿ ಆ 40, 75, 20ರ ಲೆಕ್ಕವನ್ನು ಬರೆದು, ಕೆಳಗೆ ಪ್ರಕರಣದ ಸಂಖ್ಯೆಯನ್ನೂ ಅದರ ಅರ್ಥವನ್ನೂ ಕನ್ನಡದಲ್ಲಿ ಬರೆದು ಕೊಟ್ಟೆ. ಅವನು ಎರಡು ಸಲ ಓದಿದನು. ‘ಇದನ್ನು ಕೊಟ್ಟರೆ ಕೆಲಸ ಇರುತ್ತದೆಯೇ ಮೇಷ್ಟ್ರೇ?’ ಎಂದು ಕೇಳಿದನು. ಮನೆಯಲ್ಲಿ ಅವನ ತಾಯಿ, ಹೆಂಡತಿ, ಶಾಲೆಗೆ ಹೋಗುವ ಮಗಳು. ಕೊಡು ಎಂದು ಹೇಳುವುದು ನನಗೆ ಸುಲಭ. ನನಗೆ ಪಿಂಚಣಿ ಬರುತ್ತದೆ. ಕೊಡುವುದೂ ಬಿಡುವುದೂ ನಿನ್ನ ಇಷ್ಟ, ಆದರೆ ಹಳೆಯ ಚೀಟಿಗಳನ್ನು ಮಾತ್ರ ಒಂದನ್ನೂ ಹರಿಯಬೇಡ ಎಂದೆ.

ಅವನು ಕೊಟ್ಟನು. ಕಚೇರಿಯಲ್ಲಿ ಯಾರೂ ಬೈಯಲಿಲ್ಲವಂತೆ. ಹಾಳೆಯನ್ನು ತೆಗೆದುಕೊಂಡು ಒಳಗೆ ಹೋದರಂತೆ. ಎರಡು ವಾರದ ಮೇಲೆ ಅಂಗಡಿಯ ಬಳಿ ನನ್ನನ್ನು ಕಂಡು ಹೊಸ ಟ್ರಿಪ್ ಶೀಟನ್ನು ತೋರಿಸಿದನು. ಹೊರಡುವ ಹೊತ್ತು 6 ಎಂದು ಮೊದಲಿನಂತೆಯೇ ಅಚ್ಚಾಗಿತ್ತು. ಮುಟ್ಟುವ ಹೊತ್ತಿನ ಮನೆ ಖಾಲಿ. ‘ಈಗ ಬರೆದುಕೊಡುವುದಿಲ್ಲ, ಮದ್ದೂರು ದಾಟುವ ಹೊತ್ತಿಗೆ ಫೋನು ಮಾಡುತ್ತಾರೆ’ ಎಂದನು. ಅಪ್ಪಣೆಯು ಬಾಯಿಮಾತಿನದಾದರೂ ಕಾನೂನು ಅದನ್ನು ಬಿಡುವುದಿಲ್ಲವೆಂದು ನಾನು ಹೇಳುತ್ತಿರುವಾಗಲೇ ಅವನ ಜೇಬಿನಲ್ಲಿ ಫೋನು ಕೂಗಿತು. ಗಂಟೆ ಆರಾಗಲು ಇನ್ನೂ ಐದು ನಿಮಿಷವಿತ್ತು. ಅವನು ಟೀ ಲೋಟವನ್ನು ಅರ್ಧಕ್ಕೆ ಇಟ್ಟು ಗಾಡಿಯ ಕಡೆಗೆ ನಡೆದನು.